ಚಕ್ರದ ಸುತ್ತುಗಳ ಲೆಕ್ಕ: ಒಮ್ಮೆ 500, ಒಮ್ಮೆ 1000.4, ಪುಸ್ತಕದಲ್ಲಿ 1000

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಮಗಳಿಗೆ ಗಣಿತ ಹೇಳಿಕೊಡಲು ಕುಳಿತು ನಾನೇ ಸಿಕ್ಕಿಹಾಕಿಕೊಂಡಿದ್ದೇನೆ. ಲೆಕ್ಕ ಹೀಗಿದೆ: ಒಂದು ವಾಹನದ ಚಕ್ರದ ವ್ಯಾಸ 70 ಸೆಂ.ಮೀ. ವಾಹನವು ಗಂಟೆಗೆ 33 ಕಿ.ಮೀ. ವೇಗದಲ್ಲಿ ಚಲಿಸಿದರೆ, 4 ನಿಮಿಷಗಳಲ್ಲಿ ಚಕ್ರವು ಎಷ್ಟು ಪೂರ್ಣ ಸುತ್ತುಗಳನ್ನು ಸುತ್ತುತ್ತದೆ? ನಾನು 2 × 22/7 × 70 = 440 ಸೆಂ.ಮೀ. ಎಂದು ಪರಿಧಿಯನ್ನು ಪಡೆದು, 4 ನಿಮಿಷಗಳ ದೂರವಾದ 2200 ಮೀಟರನ್ನು ಅದರಿಂದ ಭಾಗಿಸಿದಾಗ 500 ಬಂದಿತು. ಮಗಳು ಕ್ಯಾಲ್ಕುಲೇಟರಿನ ಪೈ ಗುಂಡಿಯನ್ನು ಬಳಸಿ ತನ್ನದೇ ರೀತಿಯಲ್ಲಿ ಮಾಡಿದಾಗ 1000.4 ಬಂದಿತು. ಪುಸ್ತಕದ ಕೊನೆಯಲ್ಲಿ ಕೊಟ್ಟಿರುವ ಉತ್ತರ 1000. ಯಾರು ಎಲ್ಲಿ ತಪ್ಪಿದ್ದೇವೆ ಎಂಬುದನ್ನು ದಯವಿಟ್ಟು ತಿಳಿಸಿಕೊಡಿ.

ಉತ್ತರ

ನಿಮ್ಮ ಉತ್ತರವು ಪುಸ್ತಕದ ಉತ್ತರದ ಸರಿಯಾಗಿ ಅರ್ಧದಷ್ಟಿದೆ. ತಪ್ಪಿನ ಜಾಡು ಅಲ್ಲಿಯೇ ಇದೆ. ಲೆಕ್ಕದಲ್ಲಿ ಕೊಟ್ಟಿರುವುದು ವ್ಯಾಸ, ನೀವು ಸೂತ್ರಕ್ಕೆ ಹಾಕಿದ್ದು ಅದನ್ನೇ ತ್ರಿಜ್ಯವೆಂದು ಭಾವಿಸಿ. ತ್ರಿಜ್ಯವು 35 ಸೆಂ.ಮೀ. ಆಗಿರುವುದರಿಂದ ಪರಿಧಿಯು 220 ಸೆಂ.ಮೀ., ಅಂದರೆ 2.2 ಮೀಟರ್. ಈ ಗೊಂದಲ ಬೇಡವೆನ್ನುವವರು ವ್ಯಾಸ ಕೊಟ್ಟಾಗ ನೇರವಾಗಿ ಪೈ × ವ್ಯಾಸ ಎಂದೇ ಬರೆದುಕೊಳ್ಳುವುದು ಒಳ್ಳೆಯದು. ಎರಡರಿಂದ ಭಾಗಿಸಿ ಮತ್ತೆ ಎರಡರಿಂದ ಗುಣಿಸುವ ಕೆಲಸವೂ ಉಳಿಯುತ್ತದೆ.

ದೂರದ ಭಾಗವನ್ನು ನೀವು ಸರಿಯಾಗಿಯೇ ಮಾಡಿದ್ದೀರಿ. ಗಂಟೆಗೆ 33,000 ಮೀಟರ್ ಎಂದರೆ ನಿಮಿಷಕ್ಕೆ 550 ಮೀಟರ್, 4 ನಿಮಿಷಕ್ಕೆ 2200 ಮೀಟರ್. ಅದನ್ನು 2.2ರಿಂದ ಭಾಗಿಸಿದರೆ 1000 ಸುತ್ತುಗಳು. ಮುಂದೆ ಎಂದಾದರೂ ಉತ್ತರವು ನೂರು ಪಟ್ಟು ವ್ಯತ್ಯಾಸವಾದರೆ ಸೆಂಟಿಮೀಟರ್ ಮತ್ತು ಮೀಟರ್ ಬೆರೆತಿವೆಯೆಂದೂ, ಅರವತ್ತು ಪಟ್ಟು ವ್ಯತ್ಯಾಸವಾದರೆ ಗಂಟೆ ಮತ್ತು ನಿಮಿಷ ಬೆರೆತಿವೆಯೆಂದೂ ಮೊದಲು ಅನುಮಾನಿಸಿ.

ಮಗಳು ತಪ್ಪಿಲ್ಲ. 22/7 ಎಂಬುದು ಪೈಯ ಬೆಲೆಗಿಂತ ತುಸು ಹೆಚ್ಚು ಎಂಬುದನ್ನು ಆರ್ಕಿಮಿಡೀಸ್ ಬಹಳ ಹಿಂದೆಯೇ ತೋರಿಸಿದ್ದಾನೆ. ಪರಿಧಿ ತುಸು ಹೆಚ್ಚಾದರೆ ಸುತ್ತುಗಳ ಸಂಖ್ಯೆ ತುಸು ಕಡಿಮೆಯಾಗಲೇಬೇಕು. 20,000 ವ್ಯಾಸಕ್ಕೆ 62,832 ಪರಿಧಿ ಎಂದ ಆರ್ಯಭಟನ ಬೆಲೆಯನ್ನು, ಅಂದರೆ 3.1416 ಅನ್ನು ಹಾಕಿದರೂ 1000.4 ಬರುತ್ತದೆ. ಆತನೂ ಅದನ್ನು ‘ಆಸನ್ನ’, ಎಂದರೆ ಸಮೀಪದ ಬೆಲೆ, ಎಂದೇ ಹೇಳಿದ್ದಾನೆ. 3.14 ಬಳಸಿದರೆ 1000.9 ಬರುತ್ತದೆ, ದಶಮಾಂಶದಲ್ಲಿದೆ ಎಂಬ ಕಾರಣಕ್ಕೆ 3.14 ಹೆಚ್ಚು ನಿಖರವೆಂದು ಹಲವರು ನಂಬಿದ್ದಾರೆ, ಆದರೆ ಪೈಗೆ ಹೆಚ್ಚು ಹತ್ತಿರವಿರುವುದು 22/7. ಹೇಗೂ ಪ್ರಶ್ನೆಯು ಕೇಳಿರುವುದು ಪೂರ್ಣ ಸುತ್ತುಗಳನ್ನಾದ್ದರಿಂದ ಮೂರರಲ್ಲಿಯೂ ಉತ್ತರ 1000. ವ್ಯಾಸವು 7ರ ಅಪವರ್ತ್ಯವಾಗಿದ್ದರೆ ಲೆಕ್ಕ ಬರೆದವರು 22/7 ಅನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದಿದ್ದಾರೆಂದು ತಿಳಿಯಿರಿ.

ಸಾಧ್ಯವಾದರೆ ಮಗಳಿಗೆ ಒಂದು ಸೈಕಲ್ ತೋರಿಸಿ. ಟೈರಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಗೆರೆಯು ನೆಲಕ್ಕೆ ತಾಗಿದ ಜಾಗದಿಂದ ಮತ್ತೆ ತಾಗುವ ಜಾಗದವರೆಗೆ ಸೈಕಲ್ಲನ್ನು ನೇರವಾಗಿ ತಳ್ಳಿ, ನಡುವಿನ ದೂರವನ್ನು ಟೇಪಿನಿಂದ ಅಳೆಯಿರಿ. ಒಂದು ಸುತ್ತಿಗೆ ಒಂದು ಪರಿಧಿಯಷ್ಟು ದೂರ ಎಂಬ ಮಾತನ್ನು ಕಣ್ಣಾರೆ ಕಂಡವರು ಭಾಗಾಕಾರ ಮಾಡಬೇಕೋ ಗುಣಾಕಾರ ಮಾಡಬೇಕೋ ಎಂದು ತಡವರಿಸುವುದಿಲ್ಲ.

ಮರುಪ್ರಶ್ನೆ

ತುಂಬಾ ಧನ್ಯವಾದಗಳು. ಅದೇ ಅಭ್ಯಾಸದ ಇನ್ನೊಂದು ಲೆಕ್ಕ: ಟ್ರ್ಯಾಕ್ಟರಿನ ಮುಂದಿನ ಚಕ್ರದ ವ್ಯಾಸ 56 ಸೆಂ.ಮೀ., ಹಿಂದಿನದು 140 ಸೆಂ.ಮೀ. ಒಂದು ದಾರಿಯಲ್ಲಿ ಮುಂದಿನ ಚಕ್ರವು ಹಿಂದಿನದಕ್ಕಿಂತ 1500 ಸುತ್ತು ಹೆಚ್ಚು ಸುತ್ತಿದರೆ ದಾರಿಯ ಉದ್ದವೆಷ್ಟು? ಪರಿಧಿಗಳು 176 ಮತ್ತು 440 ಸೆಂ.ಮೀ.; ವ್ಯತ್ಯಾಸವಾದ 264 ಅನ್ನು 1500ರಿಂದ ಗುಣಿಸಿ 3.96 ಕಿ.ಮೀ. ಎಂದು ಬರೆದೆ. ಪುಸ್ತಕದ ಉತ್ತರ 4.4 ಕಿ.ಮೀ.

ಇನ್ನೊಬ್ಬರ ಉತ್ತರ

ಪರಿಧಿಗಳು ಸರಿಯಾಗಿವೆ. ಆದರೆ ವ್ಯತ್ಯಾಸವನ್ನು ಪರಿಧಿಗಳ ನಡುವೆ ತೆಗೆದಿದ್ದೀರಿ; ಪ್ರಶ್ನೆಯಲ್ಲಿರುವ 1500 ಎಂಬುದು ಸುತ್ತುಗಳ ವ್ಯತ್ಯಾಸ. ಎರಡೂ ಚಕ್ರಗಳು ಸಾಗುವ ದೂರ ಒಂದೇ ಎಂಬಲ್ಲಿಂದ ಹೊರಡಿ. ಹಿಂದಿನ ಚಕ್ರವು ಒಮ್ಮೆ ಸುತ್ತಿದಾಗ ಟ್ರ್ಯಾಕ್ಟರ್ 440 ಸೆಂ.ಮೀ. ಮುಂದೆ ಹೋಗಿರುತ್ತದೆ, ಅಷ್ಟರಲ್ಲಿ ಮುಂದಿನದು 440 ÷ 176 = 2.5 ಸುತ್ತು ಸುತ್ತಿರುತ್ತದೆ. ಹಿಂದಿನದರ ಪ್ರತಿ ಸುತ್ತಿಗೂ ಮುಂದಿನದಕ್ಕೆ ಒಂದೂವರೆ ಸುತ್ತು ಹೆಚ್ಚು. 1500 ಹೆಚ್ಚಾಗಬೇಕಾದರೆ ಹಿಂದಿನದು 1000 ಸುತ್ತು ಸುತ್ತಿರಬೇಕು. ದೂರ 1000 × 4.4 = 4400 ಮೀಟರ್.

ಬೀಜಗಣಿತ ಬೇಕೆಂದರೆ ದೂರವನ್ನು ದ ಮೀಟರ್ ಎಂದಿಟ್ಟುಕೊಂಡು ದ/1.76 − ದ/4.4 = 1500 ಎಂದು ಬರೆಯಬಹುದು; ಫಲಿತಾಂಶ ಒಂದೇ.

ಇಂತಹ ಲೆಕ್ಕದಲ್ಲಿ ಉತ್ತರವನ್ನು ಹಿಂದಕ್ಕೆ ಹಾಕಿ ನೋಡುವುದಕ್ಕೆ ಅರ್ಧ ನಿಮಿಷ ಸಾಕು. ನಿಮ್ಮ 3960 ಮೀಟರಿಗೆ ಮುಂದಿನ ಚಕ್ರ 2250 ಸುತ್ತು, ಹಿಂದಿನದು 900 ಸುತ್ತು, ವ್ಯತ್ಯಾಸ 1350. 4400 ಮೀಟರಿಗೆ 2500 ಮತ್ತು 1000, ವ್ಯತ್ಯಾಸ 1500.