ಅಪ್‌ಡೇಟ್: ತೀರ್ಥಹಳ್ಳಿ ಮಳೆಗಾಲದಲ್ಲಿ ಸ್ಫಿಂಕ್ಸ್ ಬೆಕ್ಕು

ಬೆಂಗಳೂರಿಂದ ತಂಗಿ ತಂದುಬಿಟ್ಟ ಕೂದಲಿಲ್ಲದ ಸ್ಫಿಂಕ್ಸ್ ಬೆಕ್ಕು ನಮ್ಮ ತೀರ್ಥಹಳ್ಳಿ ಮಳೆ ತಡೆಯುತ್ತಾ, ಮೈಯೆಲ್ಲ ಜಿಡ್ಡು ಯಾಕೆ ಅಂತ ಬೇಸಿಗೆಯಲ್ಲಿ ಕೇಳಿದ್ದೆ. ಆರಿದ್ರಾ ಮುಗಿದು ಪುನರ್ವಸು ಹೊಯ್ಯುತ್ತಿದೆ, ಬೆಕ್ಕು ಆರಾಮಾಗಿದೆ.

ಜಿಡ್ಡು ಕಾಯಿಲೆಯಲ್ಲ. ಎಲ್ಲ ಬೆಕ್ಕಿನ ಚರ್ಮವೂ ಎಣ್ಣೆ ಬಿಡುತ್ತದೆ, ಅದನ್ನು ಹೀರಲು ಇದಕ್ಕೆ ತುಪ್ಪಳ ಇಲ್ಲ, ಅಷ್ಟೇ. ವಾರಕ್ಕೊಮ್ಮೆ ಉಗುರುಬೆಚ್ಚಗಿನ ನೀರಲ್ಲಿ ಬೆಕ್ಕಿನ ಶಾಂಪೂ ಹಾಕಿ ಸ್ನಾನ. ಇಲ್ಲಿ ಸ್ನಾನಕ್ಕಿಂತ ಒರೆಸುವುದೇ ದೊಡ್ಡ ಕೆಲಸ: ಕತ್ತು, ಕಂಕುಳ ಮಡಿಕೆಯಲ್ಲಿ ತೇವ ಉಳಿದರೆ ಈ ಥಂಡಿಗೆ ಬೂಷ್ಟು ಹಿಡಿಯೋದು ಗ್ಯಾರಂಟಿ. ಕಿವಿಯೊಳಗೂ ಕೂದಲಿಲ್ಲದೆ ಕಂದು ಮೇಣ ಕೂರುತ್ತದೆ. ಉಗುರಿನ ಬುಡದಲ್ಲೂ.

ಚಳಿಗೆ ಇದು ಆರಿಸಿಕೊಂಡ ಜಾಗ ಬಚ್ಚಲ ಒಲೆ. ಬರೀ ಚರ್ಮ ಸುಟ್ಟೀತು ಅಂತ ಒಲೆಗೆ ತಗಡು ಅಡ್ಡ ಇಟ್ಟಿದ್ದೇವೆ. ಹತ್ತಿ ಅಂಗಿ ಹಾಕಿದರೂ ಒಣಗಬೇಕಲ್ಲ! ಮೈ ಬಿಸಿ ಕಾಯ್ದುಕೊಳ್ಳಲು ಊಟವೂ ಜಾಸ್ತಿ. ಅಮ್ಮ ಇದನ್ನು ಬಕಾಸುರ ಅಂತಲೇ ಕರೆಯೋದು.

ಕೂದಲಿಲ್ಲದಿದ್ದರೆ ಅಲರ್ಜಿ ಆಗಲ್ಲ ಅಂತ ಒಬ್ಬರು ಬರೆದಿದ್ದಿರಿ. ಆಗುತ್ತದೆ. ಅಲರ್ಜಿ ತರುವ ಪ್ರೋಟೀನ್ ಇರುವುದು ಜೊಲ್ಲು ಮತ್ತು ಚರ್ಮದ ಎಣ್ಣೆಯಲ್ಲಿ. ಅಣ್ಣನ ಸೀನು ನಿಂತಿಲ್ಲ.

1966ರಲ್ಲಿ ಕೆನಡಾದ ಟೊರಾಂಟೋದಲ್ಲಿ ಸಹಜವಾಗಿ ಹುಟ್ಟಿದ ಬೋಳು ಮರಿಯಿಂದ ಈ ತಳಿಯ ಕಥೆ ಶುರು. ಹೃದಯದ ಸ್ನಾಯು ದಪ್ಪಗಾಗುವ ಕಾಯಿಲೆ ಇವಕ್ಕೆ ಬರುವುದುಂಟು. ಡಾಕ್ಟರು ಹೃದಯದ ಸ್ಕ್ಯಾನ್ ಹೇಳಿದ್ದಾರೆ. ಮಳೆ ಹೊಳವಾದ ಮೇಲೆ ಶಿವಮೊಗ್ಗಕ್ಕೆ ಹೋಗುತ್ತೇವೆ.