ಆಟದ ನಾಡಿನ ಪಯಣ: ‘ಫಾಸ್ಟ್ ಟ್ರಾವೆಲ್’ ಎಂಬುದಕ್ಕೆ ಒಂದೇ ಪದ ಸಾಕೇ?

ಮಾನ್ಯರೇ,

ಆರ್‌ಪಿಜಿ ಎಂದು ಕರೆಯುವ, ಪಾತ್ರ ವಹಿಸಿ ಆಡುವ ವಿಡಿಯೋ ಗೇಮ್‌ಗಳಲ್ಲಿ ನಕಾಶೆಯನ್ನು ಹೇಗೆ ರೂಪಿಸುತ್ತಾರೆ, ಅದರಿಂದ ಆಟಗಾರನ ಪಯಣ ಹೇಗೆ ಸಲೀಸಾಗುತ್ತದೆ ಅಥವಾ ಬೇಸರ ತರುತ್ತದೆ ಎಂಬುದರ ಬಗ್ಗೆ ಲೇಖನವೊಂದನ್ನು ಬರೆಯುತ್ತಿದ್ದೇನೆ. ಅದಕ್ಕೆ ಬೇಕಾದ ಕೆಲವು ಪದಗಳ ಬಗ್ಗೆ ಬಲ್ಲವರ ಅಭಿಪ್ರಾಯವನ್ನು ಕೋರುತ್ತೇನೆ. ಹುಬ್ಬಳ್ಳಿಯಲ್ಲಿ ಈ ಆಟಗಳನ್ನು ಆಡುವ ಹುಡುಗರು ‘ಮ್ಯಾಪ್’, ‘ಲೆವೆಲ್’, ‘ಕ್ವೆಸ್ಟ್’ ಎಂದೇ ಹೇಳುತ್ತಾರೆ. ಅವು ಹಾಗೆಯೇ ಇರಲಿ. ತೊಡಕಿರುವುದು ‘ಫಾಸ್ಟ್ ಟ್ರಾವೆಲ್’ ಎಂಬುದರಲ್ಲಿ. ಇದನ್ನು ‘ಕ್ಷಿಪ್ರ ಪ್ರಯಾಣ’ ಎಂದು ಕನ್ನಡಿಸಿದರೆ ಕುದುರೆಯನ್ನು ಓಡಿಸಿದಂತೆ ಕೇಳುತ್ತದೆಯೇ ಹೊರತು, ನಡುವಿನ ದಾರಿಯನ್ನೇ ಬಿಟ್ಟು ಆಚೆಯ ಊರಿನಲ್ಲಿ ಕಾಣಿಸಿಕೊಳ್ಳುವ ಅರ್ಥ ಬರುವುದಿಲ್ಲ. ಅದಕ್ಕಿಂತ ದೊಡ್ಡ ತೊಂದರೆಯೆಂದರೆ, ಒಂದಕ್ಕೊಂದು ಹೋಲದ ಮೂರು ಏರ್ಪಾಡುಗಳು ಈ ಒಂದೇ ಹೆಸರಿನಡಿ ಸೇರಿಕೊಂಡಿವೆ.

2002ರ ‘ಮಾರೋವಿಂಡ್’ ಆಟದಲ್ಲಿ ನಕಾಶೆಯ ಮೇಲೆ ಒತ್ತಿ ಎಲ್ಲಿಗೂ ಹೋಗಲಾಗುವುದಿಲ್ಲ. ಕೆಲವು ಊರುಗಳ ಅಂಚಿನಲ್ಲಿ ‘ಸಿಲ್ಟ್ ಸ್ಟ್ರೈಡರ್’ ಎಂಬ ಉದ್ದ ಕಾಲಿನ ದೈತ್ಯ ಹುಳ ನಿಂತಿರುತ್ತದೆ. ಅದನ್ನು ನಡೆಸುವವನಿಗೆ ಹಣ ಕೊಟ್ಟರೆ ಅವನು ಹೋಗುವ ಕೆಲವೇ ಊರುಗಳಲ್ಲಿ ಒಂದಕ್ಕೆ ಮುಟ್ಟಿಸುತ್ತಾನೆ. ಕರಾವಳಿಯ ಊರುಗಳಲ್ಲಿ ದೋಣಿಯವರಿದ್ದಾರೆ, ಮಾಂತ್ರಿಕರ ಸಂಘದ ಮನೆಗಳಲ್ಲಿ ಒಂದು ಮನೆಯಿಂದ ಇನ್ನೊಂದಕ್ಕೆ ಕಳುಹಿಸುವವರಿದ್ದಾರೆ. ಯಾವ ಊರಿನಲ್ಲಿ ಇಳಿದು ಯಾವುದನ್ನು ಹಿಡಿಯಬೇಕೆಂದು ಆಟಗಾರ ತಾನೇ ಲೆಕ್ಕ ಹಾಕಬೇಕು. ಅದೇ ಸರಣಿಯಲ್ಲಿ 2006ರಲ್ಲಿ ಬಂದ ‘ಆಬ್ಲಿವಿಯನ್’ನಲ್ಲಿ ನಕಾಶೆಯನ್ನು ತೆರೆದು ಊರಿನ ಗುರುತನ್ನು ಒತ್ತಿದರೆ ಸಾಕು, ಒಮ್ಮೆಯೂ ಕಾಲಿಡದ ದೊಡ್ಡ ಪಟ್ಟಣಕ್ಕೂ ಹೋಗಬಹುದು. 2015ರ ‘ವಿಚರ್ 3’ ಇವೆರಡರ ನಡುವೆ ನಿಲ್ಲುತ್ತದೆ: ದಾರಿಬದಿಯ ಫಲಕಕಂಬವನ್ನು ಮೊದಲು ನಡೆದೋ ಕುದುರೆ ಏರಿಯೋ ಕಂಡಿರಬೇಕು, ಆಮೇಲೆ ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಹಾರಬಹುದು.

ನಕಾಶೆಯಿಂದ ನೇರವಾಗಿ ಹಾರುವುದಕ್ಕೆ ‘ನಕಾಶೆ ಜಿಗಿತ’, ಗೊತ್ತಾದ ಕಂಬದಿಂದ ಕಂಬಕ್ಕೆ ಹೋಗುವುದಕ್ಕೆ ‘ನೆಲೆಜಿಗಿತ’, ಹಣ ಕೊಟ್ಟು ಹೋಗುವುದಕ್ಕೆ ಸರಳವಾಗಿ ‘ಸವಾರಿ’ ಎಂದು ನಾನು ಬರೆದುಕೊಂಡಿದ್ದೇನೆ. ‘ಜಿಗಿ’ ಎಂಬುದು ನಮ್ಮ ಭಾಗದಲ್ಲಿ ದಿನಬಳಕೆಯ ಮಾತಾದ್ದರಿಂದ ಆರಿಸಿಕೊಂಡೆ. ‘ಸವಾರಿ’ಯ ಬಗ್ಗೆ ಮಾತ್ರ ಅನುಮಾನವಿದೆ, ಏಕೆಂದರೆ ಆಟಗಾರ ತಾನೇ ಕುದುರೆ ನಡೆಸಿಕೊಂಡು ಹೋಗುವುದಕ್ಕೂ ಅದೇ ಪದ ಬೇಕಾಗುತ್ತದೆ. ‘ಬಾಡಿಗೆ ಸವಾರಿ’ ಎಂದರೆ ಸಾಕೇ?

ಹೆಸರುಗಳನ್ನು ಬೇರೆಮಾಡಬೇಕೆಂದು ನಾನು ಹಟ ಹಿಡಿಯುವುದಕ್ಕೆ ಕಾರಣವಿದೆ. ಯಾವ ಏರ್ಪಾಡನ್ನು ಆರಿಸಿದರು ಎಂಬುದು ನಕಾಶೆಯ ರಚನೆಯನ್ನೇ ಬದಲಿಸಿಬಿಡುತ್ತದೆ. ಮಾರೋವಿಂಡ್‌ನಲ್ಲಿ ಕೆಲಸ ಒಪ್ಪಿಸುವವರು ಬಹುಪಾಲು ಬಾಯಿಮಾತಿನಲ್ಲೇ ದಾರಿ ಹೇಳುತ್ತಾರೆ, ಅದು ದಿನಚರಿಯಲ್ಲಿ ದಾಖಲಾಗುತ್ತದೆ. ಆದ್ದರಿಂದ ಸೇತುವೆ, ಕವಲುದಾರಿ, ಒಂಟಿ ಬಂಡೆ ಇವೆಲ್ಲ ಗುರುತು ಹಿಡಿಯುವಂತೆ ಇರಲೇಬೇಕು. ಆಬ್ಲಿವಿಯನ್‌ನಲ್ಲಿ ದಿಕ್ಸೂಚಿಯ ಮೇಲಿನ ಬಾಣವೇ ಗುರಿಯತ್ತ ಕರೆದೊಯ್ಯುವುದರಿಂದ ದಾರಿ ಹೇಳುವ ಮಾತು ಬೇಕಾಗುವುದಿಲ್ಲ, ಮಾತು ಬೇಡವಾದಾಗ ಹೆಗ್ಗುರುತೂ ಹಿಂದೆ ಸರಿಯುತ್ತದೆ. ನವಲಗುಂದದ ಕಡೆಯಿಂದ ಎರೆಬಯಲಿನಲ್ಲಿ ಹೋಗುವವರಿಗೆ ನರಗುಂದದ ಗುಡ್ಡ ಹೇಗೆ ದೂರದಿಂದಲೇ ದಿಕ್ಕನ್ನು ತಿಳಿಸುತ್ತದೆಯೋ, ಹಾಗೆ 2022ರ ‘ಎಲ್ಡನ್ ರಿಂಗ್’ನಲ್ಲಿ ಹೊಳೆಯುವ ಮಹಾವೃಕ್ಷವು ನಾಡಿನ ಬಹುತೇಕ ಎಡೆಗಳಿಂದ ಕಾಣುತ್ತದೆ. ಆ ಆಟದ ನಕಾಶೆ ಮೊದಲು ಮಬ್ಬಾಗಿರುತ್ತದೆ. ದಾರಿಬದಿಯ ಶಾಸನಗಲ್ಲಿನ ಬಳಿ ನಕಾಶೆಯ ತುಣುಕು ಸಿಕ್ಕಾಗ ಆ ಸೀಮೆ ತೆರೆಯುತ್ತದೆ, ಆ ಕಲ್ಲು ಎಲ್ಲಿದೆಯೆಂಬುದನ್ನು ಮಬ್ಬು ನಕಾಶೆಯೇ ಸಣ್ಣ ಚಿತ್ರದಿಂದ ಸೂಚಿಸುತ್ತದೆ. ನಕಾಶೆಯನ್ನು ಹುಡುಕುವುದಕ್ಕೂ ನಕಾಶೆಯೇ ನೆರವಾಗುವ ಈ ಜಾಣ್ಮೆ ನನಗೆ ಬಹಳ ಹಿಡಿಸಿದೆ.

ಇನ್ನು ನನ್ನ ಮುಖ್ಯ ಪ್ರಶ್ನೆ. ಜಿಗಿಯದೆ ನೆಲದ ಮೇಲೆಯೇ ಹೋಗುವಾಗ ಆ ನೆಲ ಎಷ್ಟು ಒದಗಿಬರುತ್ತದೆ ಎಂಬ ಗುಣವನ್ನು ಏನೆಂದು ಕರೆಯುವುದು? ‘ಸಂಚಾರ ಸೌಲಭ್ಯ’ ಎಂದರೆ ಸಾರಿಗೆ ಇಲಾಖೆಯ ಪ್ರಕಟಣೆಯಂತಾಗುತ್ತದೆ, ‘ಸುಗಮತೆ’ ತೀರ ಬೋಳು. 1986ರ ‘ಡ್ರ್ಯಾಗನ್ ಕ್ವೆಸ್ಟ್’ನಲ್ಲಿ ವಿಷದ ಜೌಗಿನ ಮೇಲೆ ಇಟ್ಟ ಪ್ರತಿ ಹೆಜ್ಜೆಗೂ ಜೀವಬಲ ಕುಗ್ಗುತ್ತದೆ. 2017ರ ‘ಬ್ರೆತ್ ಆಫ್ ದ ವೈಲ್ಡ್’ನಲ್ಲಿ ಹೆಚ್ಚುಕಡಿಮೆ ಯಾವ ಬೆಟ್ಟವನ್ನಾದರೂ ಹತ್ತಬಹುದು, ಆದರೆ ಮಳೆ ಬಂದರೆ ಬಂಡೆ ಜಾರುತ್ತದೆ. ವಿಚರ್‌ನ ಕುದುರೆಯೋ, ರಸ್ತೆಯ ಮೇಲಿದ್ದರೆ ಲಗಾಮು ತಿರುಗಿಸದಿದ್ದರೂ ತಾನೇ ರಸ್ತೆಯನ್ನು ಹಿಡಿದು ಓಡುತ್ತದೆ. ಇವೆಲ್ಲವೂ ನೆಲದ ಸ್ವಭಾವಕ್ಕೆ ಸೇರಿದ ಸಂಗತಿಗಳು. ಮಳೆಗಾಲದಲ್ಲಿ ಗದಗಿನ ಎರೆಹೊಲದ ಹಾದಿಯಲ್ಲಿ ಚಕ್ಕಡಿ ಹೊಡೆದವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಹಾಗಾಗಿ ಪದವೂ ಅವರ ಬಾಯಲ್ಲೇ ಇರಬಹುದೆಂಬುದು ನನ್ನ ನಂಬಿಕೆ.

ನನಗೆ ಹೊಳೆದಿರುವುದು ‘ದಾರಿ ಸವೆ’ ಎಂಬ ನುಡಿಗಟ್ಟು. ‘ಮಾತಾಡುತ್ತಾ ದಾರಿ ಸವೆಯಿತು’ ಎಂದು ಬರೆಯುತ್ತೇವೆ. ನಮ್ಮ ಹಿರಿಯರು ‘ಹಾದೀನ ಸವಿವಲ್ದು’ ಎನ್ನುವುದನ್ನೂ ಕೇಳಿದ್ದೇನೆ. ಇಲ್ಲಿ ಸವೆಯುವುದು ಮೈಲುಗಳ ಲೆಕ್ಕವಲ್ಲ, ನಡೆಯುವವನಿಗೆ ದಾರಿ ಮುಗಿಯುತ್ತಿದೆ ಎನಿಸುವ ಅನುಭವ. ಚಿಕ್ಕ ನಕಾಶೆಯ ಆಟವೊಂದರಲ್ಲಿ ದಾರಿ ಸವೆಯದೆ ಬೇಸರವಾಗುವುದೂ, ದೊಡ್ಡ ನಕಾಶೆಯಲ್ಲಿ ಗುಡ್ಡದ ಹಿಂದೊಂದು ಗುಡ್ಡ, ಹೊಗೆಯಾಡುವ ಬಿಡಾರ ಕಾಣುತ್ತಾ ದಾರಿ ಸವೆದುಹೋಗುವುದೂ ಉಂಟು. ಇದರಿಂದ ‘ದಾರಿಸವೆತ’ ಎಂಬ ನಾಮಪದವನ್ನು ಕಟ್ಟಿದರೆ, ಡಾಂಬರು ಕಿತ್ತುಹೋದ ರಸ್ತೆ ಎಂದು ಓದುಗರು ತಿಳಿದಾರೆಂಬ ಅಳುಕಿದೆ. ಕ್ರಿಯಾಪದವಾಗಿಯೇ ಉಳಿಸಿಕೊಂಡು, ‘ಈ ಆಟದಲ್ಲಿ ದಾರಿ ಚೆನ್ನಾಗಿ ಸವೆಯುತ್ತದೆ’ ಎಂದು ಬರೆಯಬಹುದೇ? ಹೊಗಳಿಕೆಯ ಅರ್ಥದಲ್ಲಿ ಅದು ನಿಲ್ಲುತ್ತದೆಯೇ?

‘ಓವರ್‌ವರ್ಲ್ಡ್’ ಬಗ್ಗೆ ಒಂದೇ ಮಾತು. ಹಳೆಯ ಆಟಗಳಲ್ಲಿ ಊರೊಂದು ಪಾತ್ರದಷ್ಟೇ ಗಾತ್ರದ ಚೌಕವಾಗಿ ಕಾಣುವ, ಊರು ಮತ್ತು ಗುಹೆಗಳ ಹೊರಗಿನ ಹರವು ಅದು. ‘ಹೊರನಾಡು’ ಎಂದರೆ ಪರದೇಶವಾದೀತು; ‘ಬಯಲು’ ಎಂದರೆ ಅದರಲ್ಲಿನ ಬೆಟ್ಟ, ಕಾಡುಗಳು ಹೊರಗುಳಿಯುತ್ತವೆ. ಸದ್ಯ ‘ನಾಡನಕಾಶೆ’ ಎಂದು ಬರೆದಿದ್ದೇನೆ.

ಕೊನೆಯದಾಗಿ, ದಿಕ್ಕು ತೋರುವ ಕಂಬಕ್ಕೆ ‘ಕೈಮರ’ ಎಂಬ ಸೊಗಸಾದ ಪದವಿದೆ, ಚಿಕ್ಕಮಗಳೂರಿನ ಕಡೆ ಊರಿನ ಹೆಸರಾಗಿಯೂ ಅದು ಉಳಿದಿದೆ. ವಿಚರ್‌ನ ಕಂಬಗಳಿಗೆ ಇದನ್ನೇ ಬಳಸುವ ಆಸೆ ನನಗಿದೆ. ಧಾರವಾಡ, ಗದಗ, ಹಾವೇರಿಗಳ ಹಳ್ಳಿಗಳಲ್ಲಿ ಈ ಪದವನ್ನು ಕೇಳಿದವರಿದ್ದರೆ, ಅಥವಾ ಇದಕ್ಕೆ ಇಲ್ಲಿಯದೇ ಆದ ಬೇರೆ ಹೆಸರಿದ್ದರೆ, ಯಾವ ಊರಿನಲ್ಲಿ ಯಾರು ಹೇಗೆ ಬಳಸುತ್ತಾರೆ ಎಂಬ ವಿವರದೊಡನೆ ದಯವಿಟ್ಟು ತಿಳಿಸಬೇಕು.