‘ಚಟುವಟಿಕೆ’ ಮತ್ತು ‘ವ್ಯಾಯಾಮ’: ಫಿಟ್‌ನೆಸ್ ಬ್ಯಾಂಡಿನ ಲೆಕ್ಕಕ್ಕೆ ಒಪ್ಪುವ ಪದ ಯಾವುದು?

ಮಾನ್ಯರೇ,

ಮಣಿಕಟ್ಟಿಗೆ ಕಟ್ಟಿಕೊಳ್ಳುವ ಫಿಟ್‌ನೆಸ್ ಬ್ಯಾಂಡ್ ಮತ್ತು ಸ್ಮಾರ್ಟ್‌ವಾಚ್‌ಗಳ ಕುರಿತು ಕನ್ನಡದಲ್ಲಿ ವಿವರಣೆ ಬರೆಯುವಾಗ ಎದುರಾಗುವ ಒಂದು ತೊಡಕನ್ನು ಚರ್ಚೆಗೆ ಇಡುತ್ತಿದ್ದೇನೆ. ಈ ಸಾಧನಗಳು ದಿನದ ಲೆಕ್ಕವನ್ನು ಸಾಮಾನ್ಯವಾಗಿ ಎರಡು ಬಾಬುಗಳಲ್ಲಿ ತೋರಿಸುತ್ತವೆ. ಬೆಳಗಿನಿಂದ ರಾತ್ರಿಯವರೆಗೆ ಮೈ ಅಲುಗಿದ್ದೆಲ್ಲ ಒಂದು ಕಡೆ. ಅದರಲ್ಲಿ ‘ಎಕ್ಸರ್‌ಸೈಜ್’ ಎಂದು ಆರಿಸಿಕೊಂಡ ನಿಮಿಷಗಳು ಇನ್ನೊಂದು ಕಡೆ. ಮೊದಲನೆಯದನ್ನು ‘ಚಲನೆ’ ಎಂದೂ ಎರಡನೆಯದನ್ನು ‘ವ್ಯಾಯಾಮ’ ಎಂದೂ ಬರೆದು ಕೈತೊಳೆದುಕೊಳ್ಳಬಹುದು. ಆದರೆ ಸಾಧನವು ಇವೆರಡನ್ನು ಬೇರ್ಪಡಿಸುವ ಬಗೆಯನ್ನು ತಿಳಿದ ಮೇಲೆ, ‘ವ್ಯಾಯಾಮ’ ಎಂಬ ಮಾತು ಅಲ್ಲಿ ಸಲ್ಲುತ್ತದೆಯೇ ಎಂಬ ಅನುಮಾನ ಬರುತ್ತದೆ.

ಇಂದಿನ ಆರೋಗ್ಯಶಾಸ್ತ್ರವು ಹೆಚ್ಚಾಗಿ ಆಧರಿಸುವ ವ್ಯಾಖ್ಯೆ 1985ರದು. ಆ ವರ್ಷ ಕ್ಯಾಸ್ಪರ್ಸನ್, ಪೊವೆಲ್ ಮತ್ತು ಕ್ರಿಸ್ಟೆನ್ಸನ್ ಎಂಬ ಮೂವರು ಪ್ರಕಟಿಸಿದ ಲೇಖನದ ಪ್ರಕಾರ, ಸ್ನಾಯುಗಳಿಂದ ಉಂಟಾಗಿ ಶಕ್ತಿಯನ್ನು ವ್ಯಯಿಸುವ ಮೈಯ ಯಾವುದೇ ಚಲನೆ ದೈಹಿಕ ಚಟುವಟಿಕೆ. ಅದರೊಳಗೆ, ಮೊದಲೇ ಯೋಜಿಸಿದ, ಕ್ರಮಬದ್ಧವಾದ, ಮತ್ತೆ ಮತ್ತೆ ಮಾಡುವ, ದೇಹದ ಕಸುವನ್ನು ಹೆಚ್ಚಿಸಿಕೊಳ್ಳುವ ಇಲ್ಲವೇ ಉಳಿಸಿಕೊಳ್ಳುವ ಉದ್ದೇಶವುಳ್ಳ ಭಾಗ ಮಾತ್ರ ವ್ಯಾಯಾಮ. ಬಸ್ಸು ತಪ್ಪೀತೆಂದು ಓಡುವವನೂ ಮೈದಾನದಲ್ಲಿ ಸುತ್ತು ಹಾಕುವವನೂ ಒಂದೇ ವೇಗದಲ್ಲಿ ಓಡುತ್ತಿರಬಹುದು. ಮೊದಲಿನವನದು ಚಟುವಟಿಕೆ, ಎರಡನೆಯವನದು ವ್ಯಾಯಾಮ. ವ್ಯತ್ಯಾಸವಿರುವುದು ಕಾಲಿನಲ್ಲಲ್ಲ, ಉದ್ದೇಶದಲ್ಲಿ.

ಸಾಧನಕ್ಕೆ ಕಾಣದಿರುವುದೂ ಅದೇ. ಅದರೊಳಗಿನ ಆಕ್ಸೆಲೆರೋಮೀಟರ್ ಮೂರು ದಿಕ್ಕುಗಳಲ್ಲಿ ವೇಗದ ಏರಿಳಿತವನ್ನು ಸೆಕೆಂಡಿಗೆ ಹತ್ತಾರು ಬಾರಿ ಅಳೆಯುತ್ತದೆ. ಈ ಅಳತೆಯನ್ನು ಕೆಲವು ಸೆಕೆಂಡುಗಳ ತುಣುಕುಗಳಾಗಿ ಒಡೆದು, ಪ್ರತಿ ತುಣುಕಿನಲ್ಲೂ ಕುಲುಕು ಎಷ್ಟು ಜೋರಾಗಿದೆ, ಅದರಲ್ಲಿ ಲಯವಿದೆಯೇ, ಇದ್ದರೆ ಎಷ್ಟು ಬೇಗ ಮರುಕಳಿಸುತ್ತಿದೆ ಎಂದು ತಂತ್ರಾಂಶವು ನೋಡುತ್ತದೆ. ನಡೆಯುವಾಗ ಸೆಕೆಂಡಿಗೆ ಹೆಚ್ಚುಕಡಿಮೆ ಎರಡು ಹೆಜ್ಜೆ ಬೀಳುವುದರಿಂದ ಅಲೆಗಳು ಒಂದರ ಹಿಂದೊಂದು ಸಮನಾಗಿ ಬರುತ್ತವೆ. ಓಡುವಾಗ ಲಯ ತುಸು ಚುರುಕಾದರೆ ಪೆಟ್ಟು ಬಹಳ ಜೋರಾಗುತ್ತದೆ. ಕಸ ಗುಡಿಸುವಾಗಲೂ ಕೈ ಧಾರಾಳವಾಗಿ ಆಡುತ್ತದೆ, ಆದರೆ ಎರಡು ಬೀಸು, ಒಂದು ನಿಲುಗಡೆ, ಬಗ್ಗಿ ಏನನ್ನೋ ಎತ್ತಿ ಪಕ್ಕಕ್ಕಿಡುವುದು, ಮತ್ತೆ ಮೂರು ಬೀಸು ಎಂಬಂತೆ ಅದು ಮುರಿಮುರಿದು ಸಾಗುತ್ತದೆ. ಜೊತೆಗೆ, ಸಾಧನದ ತಳದಿಂದ ಚರ್ಮದ ಮೇಲೆ ಬೀಳುವ ಹಸಿರು ಬೆಳಕು ರಕ್ತದ ಹರಿವಿಗೆ ತಕ್ಕಂತೆ ಹೆಚ್ಚುಕಡಿಮೆಯಾಗಿ ಮರಳುವುದನ್ನು ಗಮನಿಸಿ ನಾಡಿಬಡಿತವನ್ನೂ ಎಣಿಸಲಾಗುತ್ತದೆ.

ಇಷ್ಟರ ಮೇಲೆ ಒಂದು ಗೆರೆ ಎಳೆಯುತ್ತಾರೆ. ಸುಮ್ಮನೆ ಕುಳಿತಾಗ ದೇಹ ಬಳಸುವ ಶಕ್ತಿಯನ್ನು 1 ಮೆಟ್ ಎಂದು ಇಟ್ಟುಕೊಂಡರೆ, 3ರಿಂದ 6 ಮೆಟ್‌ವರೆಗಿನದು ಮಧ್ಯಮ ಶ್ರಮ, ಅದಕ್ಕೂ ಮೇಲಿನದು ಕಠಿಣ ಶ್ರಮ. ವಯಸ್ಕರ ನಡಿಗೆಯಲ್ಲಿ ನಿಮಿಷಕ್ಕೆ 100 ಹೆಜ್ಜೆ ಎಂಬುದು ಆ 3 ಮೆಟ್‌ಗೆ ಸಮೀಪದ ಗುರುತು. ಆ್ಯಪಲ್ ವಾಚ್ ಬಿರುಸು ನಡಿಗೆಗೆ ಸಮನಾದ ಅಥವಾ ಅದನ್ನು ಮೀರಿದ ಪ್ರತಿ ಪೂರ್ಣ ನಿಮಿಷವನ್ನೂ ‘ಎಕ್ಸರ್‌ಸೈಜ್’ ಎಂದು ಬರೆದುಕೊಳ್ಳುತ್ತದೆ. ಫಿಟ್‌ಬಿಟ್ ಆ ಹೆಸರಿನ ಗೊಡವೆಗೇ ಹೋಗದೆ ‘ಆ್ಯಕ್ಟಿವ್ ಝೋನ್ ಮಿನಿಟ್ಸ್’ ಎನ್ನುತ್ತದೆ ಮತ್ತು ನಾಡಿ ಹೆಚ್ಚು ಏರಿದ ನಿಮಿಷವನ್ನು ಎರಡಾಗಿ ಎಣಿಸುತ್ತದೆ. ಹೆಸರಿಡುವುದರಲ್ಲಿ ಫಿಟ್‌ಬಿಟ್ಟೇ ಹೆಚ್ಚು ಪ್ರಾಮಾಣಿಕ ಎಂದು ನನಗೆ ತೋರುತ್ತದೆ.

ಈ ಲೆಕ್ಕ ಎಡವುವ ಕಡೆಗಳಲ್ಲಿ ಪದದ ತೊಡಕು ಇನ್ನೂ ಸ್ಪಷ್ಟವಾಗುತ್ತದೆ. ತುಂಬಿದ ಟ್ರಾಲಿಯನ್ನು ಎರಡೂ ಕೈಯಿಂದ ಹಿಡಿದು ತಳ್ಳುವವರ ಮಣಿಕಟ್ಟು ಬೀಸುವುದಿಲ್ಲವಾದ್ದರಿಂದ ಎಷ್ಟೋ ಹೆಜ್ಜೆಗಳು ಲೆಕ್ಕಕ್ಕೆ ಸಿಗದೆ ಹೋಗುತ್ತವೆ. ಭಾರ ಎತ್ತುವ ಸಾಧಕರು ಮೈ ಬಸಿದು ದುಡಿದರೂ ಕೈಯ ಚಲನೆ ನಿಧಾನವಾಗಿರುವುದರಿಂದ, ಚಲನೆಯೊಂದನ್ನೇ ನೋಡುವ ಸಾಧನಕ್ಕೆ ಅವರು ಬಹುಪಾಲು ಸುಮ್ಮನೆ ನಿಂತವರಂತೆ ಕಾಣುತ್ತಾರೆ. ಇತ್ತ ಸಾಮಾನು ಹೊತ್ತು ಮಹಡಿ ಹತ್ತಿಳಿಯುವ ಕೂಲಿಯಾಳಿಗೆ ದಿನದ ಕೊನೆಗೆ ಗಂಟೆಗಟ್ಟಲೆ ‘ವ್ಯಾಯಾಮ’ ಮಾಡಿದ ಅಭಿನಂದನೆ ಬರಬಹುದು. ಅವರು ಮಾಡಿದ್ದು ದುಡಿಮೆ. ಅದನ್ನು ವ್ಯಾಯಾಮ ಎಂದು ಕನ್ನಡದಲ್ಲಿ ಯಾರೂ ಕರೆಯುವುದಿಲ್ಲ, ಕರೆದರೆ ಅದು ಕುಹಕವಾಗುತ್ತದೆ.

ವ್ಯಾಯಾಮ ಎಂಬ ಪದದ ಹಳೆಯ ಲಕ್ಷಣಗಳನ್ನು ನೋಡಿದರೆ ಈ ಇಬ್ಬಂದಿ ಹೊಸದಲ್ಲವೆಂದು ತಿಳಿಯುತ್ತದೆ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ, ದೇಹದ ಸ್ಥೈರ್ಯಕ್ಕಾಗಿ ಮಾಡುವ, ಬಲವನ್ನು ಹೆಚ್ಚಿಸುವ ಶರೀರಚೇಷ್ಟೆಯೇ ವ್ಯಾಯಾಮ ಎಂದಿದೆ. ಸುಶ್ರುತಸಂಹಿತೆಯಲ್ಲಾದರೋ ಶರೀರಕ್ಕೆ ಆಯಾಸವನ್ನು ಉಂಟುಮಾಡುವ ಕರ್ಮವೇ ವ್ಯಾಯಾಮ. ಮೊದಲನೆಯದು ಯಾತಕ್ಕಾಗಿ ಎಂದು ಕೇಳುತ್ತದೆ, ಎರಡನೆಯದು ಎಷ್ಟು ದಣಿವಾಯಿತು ಎಂದು ಮಾತ್ರ ಕೇಳುತ್ತದೆ. 1985ರ ವ್ಯಾಖ್ಯೆ ಚರಕನ ಪಕ್ಕದಲ್ಲಿ ನಿಂತರೆ ಕೈಗಡಿಯಾರ ಸುಶ್ರುತನ ಪಕ್ಷ ವಹಿಸಿದೆ. (ಚರಕನ ‘ಚೇಷ್ಟೆ’ಯನ್ನು ಮೊದಲ ಬಾಬಿಗೆ ಎರವಲು ತರಬಹುದಿತ್ತು, ಆದರೆ ಇವತ್ತಿನ ಕನ್ನಡದಲ್ಲಿ ದಿನವಿಡೀ ಮಾಡಿದ ಚೇಷ್ಟೆಯ ಲೆಕ್ಕ ಕೊಟ್ಟರೆ ಮಕ್ಕಳಷ್ಟೇ ಸಂತೋಷಪಟ್ಟಾರು.) ಆದರೂ ಬಳಕೆಯ ಕನ್ನಡದಲ್ಲಿ ಉಳಿದು ಬಂದಿರುವುದು ಚರಕನ ಅರ್ಥವೇ. ‘ಅವರು ದಿನಾ ವ್ಯಾಯಾಮ ಮಾಡುತ್ತಾರೆ’ ಎಂದರೆ ಅದಕ್ಕೆಂದೇ ಹೊತ್ತು ಮೀಸಲಿಡುತ್ತಾರೆ ಎಂದೇ ನಾವು ತಿಳಿಯುತ್ತೇವೆ.

ಬೇರೆ ಪದಗಳನ್ನು ತೂಗಿ ನೋಡಿದ್ದೇನೆ. ‘ಕಸರತ್ತು’ ಸರ್ಕಾರ ಉಳಿಸಿಕೊಳ್ಳುವವರ ಪಾಲಾಗಿದೆ. ‘ಅಂಗಸಾಧನೆ’, ‘ಸಾಮು’ ಇವುಗಳಲ್ಲಿ ಅಭ್ಯಾಸದ ಮತ್ತು ಗುರಿಯ ಅರ್ಥ ವ್ಯಾಯಾಮಕ್ಕಿಂತಲೂ ಗಟ್ಟಿಯಾಗಿದೆ. ಮೊದಲ ಬಾಬಿಗೆ ‘ಚಲನವಲನ’ ಎಂದರೆ ಯಾರೋ ನಮ್ಮ ಮೇಲೆ ಕಣ್ಣಿಟ್ಟಂತೆ ಕೇಳುತ್ತದೆ, ಅದು ಪೂರ್ತಿ ಸುಳ್ಳಲ್ಲದಿದ್ದರೂ. ‘ಓಡಾಟ’ ಬಹಳ ಸಹಜವಾದ ಮಾತು. ಆದರೆ ಕುಳಿತಲ್ಲೇ ಬಟ್ಟೆ ಮಡಿಸಿದ್ದು ಅದರಲ್ಲಿ ಅಡಗುವುದಿಲ್ಲ, ಪಕ್ಕದಲ್ಲೇ ‘ಓಟ’ ಎಂಬ ಇನ್ನೊಂದು ಲೆಕ್ಕವಿದ್ದರೆ ಗೊಂದಲವೂ ಆದೀತು. ಆದ್ದರಿಂದ ಎಲ್ಲವನ್ನೂ ಒಳಗೊಳ್ಳುವ ‘ಚಟುವಟಿಕೆ’ಯನ್ನೇ ಉಳಿಸಿಕೊಳ್ಳುವುದು ಮೇಲು.

ಎರಡನೆಯ ಬಾಬಿಗೆ ನನ್ನ ಸಲಹೆ ‘ಬಿರುಸಿನ ನಿಮಿಷಗಳು’ ಎಂಬುದು. ಸಾಧನ ಅಳೆದಿದ್ದೂ ಅಷ್ಟನ್ನೇ. ವ್ಯಾಯಾಮ ಎಂಬ ಪದವನ್ನು, ಧರಿಸಿದವರು ತಾವಾಗಿಯೇ ಗುಂಡಿ ಒತ್ತಿ ‘ಈಗ ಶುರು’ ಎಂದು ಸೂಚಿಸಿದ ಅವಧಿಗೆ ಮಾತ್ರ ಮೀಸಲಿಡಬಹುದು, ಏಕೆಂದರೆ ಉದ್ದೇಶ ಸಾಧನಕ್ಕೆ ತಿಳಿಯುವುದು ಆಗ ಮಾತ್ರ. ಕೆಲವು ಗಡಿಯಾರಗಳು ಒಂದೇ ಲಯದ ನಡಿಗೆ ಸ್ವಲ್ಪ ಹೊತ್ತು ಮುಂದುವರಿದರೆ ‘ಇದನ್ನು ವ್ಯಾಯಾಮವೆಂದು ದಾಖಲಿಸಬೇಕೇ’ ಎಂದು ಕೇಳುತ್ತವೆ. ಆ ಪ್ರಶ್ನೆಯಲ್ಲಿ ವ್ಯಾಯಾಮ ಎಂಬ ಮಾತು ಸರಿಯಾಗಿಯೇ ಬಂದಿದೆ, ತೀರ್ಪು ಧರಿಸಿದವರದಾದ್ದರಿಂದ. ಇದಕ್ಕೆ ಇನ್ನೊಂದು ಆಧಾರವೂ ಇದೆ. ಕನಿಷ್ಠ 10 ನಿಮಿಷ ಎಡೆಬಿಡದೆ ಮಾಡಿದ ಚಟುವಟಿಕೆಯೇ ಲೆಕ್ಕಕ್ಕೆ ಬರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2010ರಲ್ಲಿ ಹಾಕಿದ್ದ ಷರತ್ತನ್ನು 2020ರ ಮಾರ್ಗಸೂಚಿಯಲ್ಲಿ ಕೈಬಿಟ್ಟಿದೆ. ಮೆಟ್ಟಿಲ ಮೇಲಿನ ಒಂದು ನಿಮಿಷವೂ ವಾರಕ್ಕೆ ಕನಿಷ್ಠ ಇಷ್ಟಿರಲಿ ಎಂದು ಆ ಸಂಸ್ಥೆ ಹೇಳುವ 150 ನಿಮಿಷಗಳಲ್ಲಿ ಸೇರುವುದಾದರೆ, ಅಂಥ ಬಿಡಿ ನಿಮಿಷವನ್ನು ವ್ಯಾಯಾಮ ಎನ್ನುವುದು ಇನ್ನಷ್ಟು ಕಷ್ಟ.

ಉಳಿದಿರುವುದು ಶ್ರಮದ ದರ್ಜೆಗಳ ಹೆಸರು. ‘ಮಧ್ಯಮ ತೀವ್ರತೆ’, ‘ಅಧಿಕ ತೀವ್ರತೆ’ ಎಂದು ಬರೆಯಬಹುದು, ಆದರೆ ‘ತೀವ್ರ’ ಎಂಬುದು ಜ್ವರಕ್ಕೂ ಗಾಯಕ್ಕೂ ಒಗ್ಗಿದಷ್ಟು ನಡಿಗೆಗೆ ಒಗ್ಗುವುದಿಲ್ಲ. ‘ಹಗುರ, ಹದ, ಬಿರುಸು’ ಎಂಬ ಮೂರು ಮೆಟ್ಟಿಲು ನನ್ನ ಮನಸ್ಸಿನಲ್ಲಿವೆ. ಅಲ್ಲಿಯೂ ಎರಡು ಅಡ್ಡಿಗಳಿವೆ: ಬಿರುಸು ಮೇಲಿನ ದರ್ಜೆಯ ಹೆಸರಾದರೆ ಹದದ ನಿಮಿಷಗಳನ್ನೂ ಸೇರಿಸಿ ‘ಬಿರುಸಿನ ನಿಮಿಷಗಳು’ ಎನ್ನಲು ಬಾರದು, ‘ಹದವಾದ ನಡಿಗೆ’ ಎಂದರೆ ಓದುಗರು ಮಧ್ಯಮ ವೇಗದ್ದೆಂದು ತಿಳಿಯುವರೋ, ಆರೋಗ್ಯಕ್ಕೆ ತಕ್ಕಷ್ಟು ಎಂದು ತಿಳಿಯುವರೋ ಹೇಳಲಾಗದು. 3 ಮೆಟ್‌ಗೆ ಮೇಲಿನ ಎರಡೂ ದರ್ಜೆಗಳನ್ನು ಒಟ್ಟಾಗಿ ಸೂಚಿಸುವ, ಆಡುಮಾತಿಗೆ ಹತ್ತಿರವಾದ ಬೇರೆ ಪದ ಬಲ್ಲವರು ದಯವಿಟ್ಟು ತಿಳಿಸಬೇಕೆಂದು ಕೋರುತ್ತೇನೆ.